ತವರಿನಲ್ಲಿ ಬಾಣಂತಿ, ತೋಟದಲ್ಲಿ ಅಪ್ಪ: ಎದೆಹಾಲಿಗೆ ನೆರವಾಗುವ ವಾಟ್ಸ್‌ಆ್ಯಪ್ ಗುಂಪು ಕಟ್ಟುವ ಬಗೆ

ನಮ್ಮ ಮೊದಲ ಮಗು ಹುಟ್ಟಿದ ಹತ್ತೊಂಬತ್ತನೆಯ ದಿನ ನಾನು ತೀರ್ಥಹಳ್ಳಿ ಪೇಟೆಯಲ್ಲಿ ಹಾಲಿನ ಪುಡಿಯ ಡಬ್ಬಿಯೊಂದನ್ನು ಕೊಂಡು, ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ರಿಪ್ಪನ್‌ಪೇಟೆ ಕಡೆಯಲ್ಲಿರುವ ಹೆಂಡತಿಯ ತವರಿಗೆ ಹೋದೆ. ಹಿಂದಿನ ರಾತ್ರಿ ಫೋನಿನಲ್ಲಿ ಅವಳ ಚಿಕ್ಕಮ್ಮ, ‘ಹಾಲು ಸಾಲುತ್ತಿಲ್ಲ ಅನಿಸುತ್ತದೆ, ಮಗು ಸಂಜೆಯೆಲ್ಲ ಅಳುತ್ತದೆ’ ಎಂದಿದ್ದರು. ಡಬ್ಬಿ ನೋಡಿ ಅತ್ತೆ ಖುಷಿಪಟ್ಟರು. ಹೆಂಡತಿ ಏನೂ ಹೇಳಲಿಲ್ಲ. ಎರಡು ತಿಂಗಳು ತುಂಬುವುದರೊಳಗೆ ಮಗು ಪೂರ್ತಿಯಾಗಿ ಡಬ್ಬಿಯ ಹಾಲಿಗೆ ಹೊರಳಿತ್ತು. ಮೊದಲ ವಾರಗಳಲ್ಲಿ ಮಕ್ಕಳು ಸಂಜೆ ಹೊತ್ತು ಅಳುವುದು, ಮೇಲಿಂದ ಮೇಲೆ ಎದೆಗೆ ಬಾಯಿ ಹಾಕುವುದು ಸಾಮಾನ್ಯ, ಅದೊಂದನ್ನೇ ಹಿಡಿದು ಹಾಲು ಕಡಿಮೆ ಎಂದು ತೀರ್ಮಾನಿಸಬಾರದು ಎಂದು ನನಗೆ ತಿಳಿದದ್ದು ಎರಡನೆಯ ಮಗುವಿನ ಹೊತ್ತಿಗೆ, ನಿವೃತ್ತ ನರ್ಸ್ ಒಬ್ಬರು ಬಿಡಿಸಿ ಹೇಳಿದ ಮೇಲೆ.

ನನಗೆ ಅಕ್ಕರೆ ಇರಲಿಲ್ಲವೆಂದಲ್ಲ. ಅಕ್ಕರೆಯಿಂದ ಮಾಡಬಹುದಾದ ಕೆಲಸವೆಂದು ನನ್ನ ಕಣ್ಣಿಗೆ ಬಿದ್ದದ್ದು ದುಡ್ಡು ಕೊಟ್ಟು ಏನಾದರೂ ತರುವುದು ಮಾತ್ರ. ಆ ರಾತ್ರಿ ಯಾರಾದರೂ ನನಗೆ ಬೇರೊಂದು ಕೆಲಸ ಹೇಳಿದ್ದರೆ ಅದನ್ನೇ ಮಾಡುತ್ತಿದ್ದೆ. ಅಪ್ಪಂದಿರ ಗುಂಪು ಕಟ್ಟುವವರು ಇದೊಂದನ್ನು ಮರೆಯಬಾರದು. ಗಂಡಸರಿಗೆ ಎದೆಹಾಲಿನ ಮಹಿಮೆಯ ಕುರಿತು ಉಪನ್ಯಾಸ ಬೇಕಿಲ್ಲ. ಇವತ್ತು ರಾತ್ರಿ ಮಲಗುವುದರೊಳಗೆ ಮಾಡಿ ಮುಗಿಸಬಹುದಾದ ಕೆಲಸ ಬೇಕು.

ಮಲೆನಾಡಿನಲ್ಲಿ ಫೋನಿಗೆ ಇಷ್ಟು ಮಹತ್ವ ಬರಲು ಕಾರಣ ನಮ್ಮ ಬಾಣಂತನದ ಪದ್ಧತಿ. ಸೀಮಂತ ಮುಗಿಸಿ ತವರಿಗೆ ಹೋದವಳು ಮರಳುವುದು ಮಗುವಿಗೆ ಮೂರೋ ಐದೋ ತಿಂಗಳಾದ ಮೇಲೆ. ಎದೆಹಾಲು ನೆಲೆ ನಿಲ್ಲುವುದೂ ತಪ್ಪಿಹೋಗುವುದೂ ಆ ಅವಧಿಯಲ್ಲೇ. ಅಷ್ಟೂ ದಿನ ಅಪ್ಪನೆಂಬವನು ವಾರಕ್ಕೊಮ್ಮೆ ಬಂದು, ಕಾಫಿ ಕುಡಿದು, ಮಗುವನ್ನು ಐದು ನಿಮಿಷ ಎತ್ತಿಕೊಂಡು ಹೋಗುವ ನೆಂಟ. ಶಿವಮೊಗ್ಗದಲ್ಲಿ ನೌಕರಿ ಮಾಡುವವನ ಕಥೆಯೂ ಅದೇ, ಅಡಿಕೆ ತೋಟದವನ ಕಥೆಯೂ ಅದೇ. ಅವನ ಜೇಬಿನಲ್ಲಿ ಮೊಬೈಲಿದೆ, ಅದರಲ್ಲಿ ಅಡಿಕೆ ದರದ ಗುಂಪಿದೆ, ಹಾಲಿನ ಸೊಸೈಟಿಯ ಗುಂಪಿದೆ, ಕ್ರಿಕೆಟ್ ತಂಡದ ಗುಂಪಿದೆ. ಇನ್ನೊಂದು ಗುಂಪು ಅವನಿಗೆ ಹೊರೆಯಲ್ಲ.

ಅಪ್ಪಂದಿರಿಗೆ ಕಲಿಸಿದರೆ ಉಪಯೋಗವಿದೆಯೇ ಎಂದು ಕೇಳುವವರಿಗೆ ನಾನು ಇಟಲಿಯ ನೇಪಲ್ಸ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವನ್ನು ತೋರಿಸುತ್ತೇನೆ. ಹಾಲೂಡಿಸುವಾಗ ಬರುವ ತೊಡಕುಗಳನ್ನು ನಿಭಾಯಿಸುವುದು ಹೇಗೆಂದು ಅಲ್ಲಿ ಕೆಲವು ಅಪ್ಪಂದಿರಿಗೆ ಹೇಳಿಕೊಟ್ಟರು, ಇನ್ನು ಕೆಲವರಿಗೆ ಹೇಳಿಕೊಡಲಿಲ್ಲ. ಆರು ತಿಂಗಳಾದಾಗ ಮೊದಲ ಗುಂಪಿನಲ್ಲಿ ನೂರಕ್ಕೆ 25 ತಾಯಂದಿರು ಪೂರ್ಣವಾಗಿ ಎದೆಹಾಲನ್ನೇ ಕೊಡುತ್ತಿದ್ದರು, ಇನ್ನೊಂದರಲ್ಲಿ ನೂರಕ್ಕೆ 15. ಆಸ್ಟ್ರೇಲಿಯದ ಪರ್ತ್‌ನಲ್ಲಿ ಸಂಶೋಧಕರು ಅಪ್ಪಂದಿರಿಗಾಗಿಯೇ ‘ಮಿಲ್ಕ್ ಮ್ಯಾನ್’ ಎಂಬ ಆ್ಯಪ್ ಮಾಡಿ ಪ್ರಯೋಗಿಸಿದರು. ಮಾಹಿತಿಯ ಜೊತೆಗೆ ಅಪ್ಪಂದಿರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಜಾಗವೂ ಆಟದ ಹಾಗೆ ಅಂಕ ಗಳಿಸುವ ಏರ್ಪಾಡೂ ಅದರಲ್ಲಿದ್ದವು. ನಮಗೆ ಹೊಸ ಆ್ಯಪ್ ಬೇಡ, ಇರುವ ವಾಟ್ಸ್‌ಆ್ಯಪ್ ಸಾಕು.

ಮೊದಲ ಹೆಜ್ಜೆ: ಉತ್ತರ ಹೇಳುವವರನ್ನು ಹುಡುಕಿಕೊಳ್ಳಿ

ಗುಂಪು ಶುರು ಮಾಡುವ ಮುನ್ನ ಮೂವರು ಬೇಕು. ಒಬ್ಬ, ಈಗಾಗಲೇ ಅಪ್ಪನಾಗಿ ಒಂದೆರಡು ವರ್ಷ ಕಳೆದವನು. ಅವನೇ ಅಡ್ಮಿನ್. ಇನ್ನೊಬ್ಬರು ಊರಿನ ಆಶಾ ಕಾರ್ಯಕರ್ತೆ. ಮೂರನೆಯವರು ವೈದ್ಯರೋ ನರ್ಸೋ, ದಿನಕ್ಕೊಂದು ಸಲ ಗುಂಪಿನತ್ತ ಕಣ್ಣು ಹಾಯಿಸಿ, ತಪ್ಪು ಉತ್ತರ ಕಂಡರೆ ತಿದ್ದುವವರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಎದುರಿಗೆ ಕೂತು ಕೇಳಿ. ಫೋನಿನಲ್ಲಿ ಕೇಳಿದರೆ ಹೂಂ ಎನ್ನುತ್ತಾರೆ, ಮರೆಯುತ್ತಾರೆ. ಅವರ ಕೆಲಸದ ಹೊರೆ ನೋಡಿದರೆ ತಪ್ಪೆನ್ನಲಾಗದು.

ವೈದ್ಯಕೀಯದ ಕಡೆಯವರು ಯಾರೂ ಸಿಗದಿದ್ದರೆ ಗುಂಪನ್ನು ಶುರು ಮಾಡಬೇಡಿ. ಗಂಡಸರಷ್ಟೇ ಕೂತು ಎದೆಹಾಲಿನ ವಿಷಯ ತೀರ್ಮಾನಿಸುವ ಗುಂಪಿಗಿಂತ ಗುಂಪಿಲ್ಲದಿರುವುದು ವಾಸಿ.

ಎರಡನೆಯದು: ಸೀಮಂತದ ವಾರದಲ್ಲಿ ಸೇರಿಸಿಕೊಳ್ಳಿ

ಹೆರಿಗೆಯಾದ ಮೇಲೆ ಸೇರಿಸಿದರೆ ತಡವಾಯಿತೆಂದೇ ಅರ್ಥ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಶಿಫಾರಸು. ಆ ಗಂಟೆ ಹೆರಿಗೆ ಕೋಣೆಯ ಹೊರಗೆ ಸಿಹಿ ಹಂಚುವುದರಲ್ಲಿ, ಫೋನ್ ಮಾಡುವುದರಲ್ಲಿ ಕಳೆದುಹೋಗುತ್ತದೆ. ಅಪ್ಪನಾಗುವವನಿಗೆ ಅದು ಮೊದಲೇ ಗೊತ್ತಿದ್ದರೆ ಹೊರಗೆ ಬಂದ ನರ್ಸ್ ಹತ್ತಿರ, ‘ಸಿಸ್ಟರ್, ಮಗುವಿಗೆ ಹಾಲು ಕುಡಿಸಿದಿರಾ?’ ಎಂದು ಕೇಳುತ್ತಾನೆ.

ಒಂದೇ ಮಾಸದ ಆಸುಪಾಸಿನಲ್ಲಿ ದಿನ ತುಂಬುವವರನ್ನು ಒಂದು ಗುಂಪಿನಲ್ಲಿಡಿ. ಹದಿನೈದು ಇಪ್ಪತ್ತು ಜನ ಸಾಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಾವಿರಕ್ಕಿಂತ ಹೆಚ್ಚು ಜನಕ್ಕೆ ಜಾಗವಿದೆ ಎಂದು ಇಡೀ ತಾಲ್ಲೂಕನ್ನು ತುಂಬಿಕೊಂಡರೆ ಅದು ಸಂತೆಯಾಗುತ್ತದೆ, ಸಂತೆಯಲ್ಲಿ ಯಾರೂ ಮನೆಯ ಕಷ್ಟ ಹೇಳುವುದಿಲ್ಲ. ಆಶಾ ಕಾರ್ಯಕರ್ತೆಯ ಬಳಿ ಗರ್ಭಿಣಿಯರ ವಿವರ ಇರುತ್ತದೆ ನಿಜ, ಆದರೆ ಆ ಪಟ್ಟಿಯಿಂದ ನಂಬರು ಎತ್ತಿ ಸೇರಿಸಬಾರದು. ಅವರು ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೇಳಿ, ಇಬ್ಬರೂ ಒಪ್ಪಿದ ಮೇಲೆ ಅವನೇ ಲಿಂಕ್ ಒತ್ತಿ ಒಳಗೆ ಬರಲಿ.

ನಮ್ಮ ಕಡೆ ಇನ್ನೊಬ್ಬನನ್ನೂ ಸೇರಿಸಿಕೊಳ್ಳುವುದು ಜಾಣತನ: ಹೆಂಡತಿಯ ಅಣ್ಣ ಅಥವಾ ತಮ್ಮ. ಬಾಣಂತನದ ಮನೆಯಲ್ಲಿ ಓಡಾಡುವ ಗಂಡಸು ಅವನು. ಮಧ್ಯರಾತ್ರಿ ಜೀಪು ತೆಗೆಯುವವನೂ ಅವನೇ.

ಸೇರಿದ ದಿನ ಪ್ರತಿಯೊಬ್ಬನಿಗೂ ಒಂದೇ ಕೆಲಸ ಕೊಡಿ. ಹೆಂಡತಿಯ ತವರೂರಿನ ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ತನ್ನ ಮೊಬೈಲಿನಲ್ಲಿ ಉಳಿಸಿಕೊಳ್ಳುವುದು, ಹೆಂಡತಿ ಇಂಥ ಮನೆಗೆ ಬಾಣಂತನಕ್ಕೆ ಬರುತ್ತಿದ್ದಾಳೆಂದು ಅವರಿಗೆ ತಿಳಿಸುವುದು. ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಿನಲ್ಲಿ, ಮಗು ಬೆಳೆಯುವುದು ಇನ್ನೊಂದು ತಾಲ್ಲೂಕಿನಲ್ಲಿ. ಎರಡರ ನಡುವೆ ಬಾಣಂತಿ ಯಾರ ಲೆಕ್ಕಕ್ಕೂ ಸಿಗದೆ ಹೋಗುವುದುಂಟು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಮನೆಗೆ ಬಂದು ನೋಡಬೇಕೆಂಬ ಕ್ರಮವಿದೆ. ಆ ತಾರೀಖುಗಳನ್ನು ಅಪ್ಪ ತನ್ನ ಮೊಬೈಲ್ ಕ್ಯಾಲೆಂಡರಿನಲ್ಲಿ ಹಾಕಿಕೊಂಡು, ಹಿಂದಿನ ದಿನ ಒಂದು ಫೋನ್ ಮಾಡಿ ನೆನಪಿಸಿದರೆ ಅದೇ ದೊಡ್ಡ ಸಹಾಯ.

ಮೂರನೆಯದು: ನಿಯಮಗಳು ನಾಲ್ಕು ಸಾಲಿನಲ್ಲಿ ಮುಗಿಯಲಿ

ಹೆಂಡತಿಯ, ಮಗುವಿನ ಫೋಟೊ ಹಾಕಬಾರದು. ಔಷಧದ ಹೆಸರು ಸೂಚಿಸಬಾರದು. ಡಬ್ಬಿಹಾಲು, ಬಾಟಲಿಯ ಜಾಹೀರಾತು, ರಿಯಾಯಿತಿಯ ಲಿಂಕ್ ಹಂಚಬಾರದು. ರಾಜಕೀಯ, ಶುಭೋದಯ, ಅಡಿಕೆ ದರ ಬೇಡ.

ಮೂರನೆಯ ನಿಯಮಕ್ಕೆ ಕಾನೂನಿನ ಬೆಂಬಲವಿದೆ. 1992ರ ಶಿಶು ಹಾಲಿನ ಬದಲಿ ಪದಾರ್ಥಗಳು, ಬಾಟಲಿಗಳು ಮತ್ತು ಶಿಶು ಆಹಾರದ ಕಾಯ್ದೆ, ಮತ್ತೆ 2003ರ ಅದರ ತಿದ್ದುಪಡಿ, ಎರಡು ವರ್ಷದೊಳಗಿನ ಮಕ್ಕಳ ಇಂಥ ಪದಾರ್ಥಗಳ ಪ್ರಚಾರವನ್ನೇ ನಿಷೇಧಿಸುತ್ತವೆ. ಹಾಗೆಂದು ವೈದ್ಯರ ಸಲಹೆಯಂತೆ ಡಬ್ಬಿಹಾಲು ಕೊಡುತ್ತಿರುವ ಅಪ್ಪನನ್ನು ಯಾರೂ ಕೆಣಕಕೂಡದು. ಅವನ ಮನೆಯ ಕಾರಣ ಅವನಿಗೆ ಗೊತ್ತು.

ಬರೆಯದೆ ಪಾಲಿಸಬೇಕಾದ ನಿಯಮ ಇನ್ನೊಂದಿದೆ, ಅದು ಅಡ್ಮಿನ್‌ಗೆ. ಮಗು ಹುಟ್ಟಿದ ಸುದ್ದಿಯನ್ನು ಅಪ್ಪ ತಾನಾಗಿ ಹೇಳುವವರೆಗೆ ಅಭಿನಂದನೆ ಬೇಡ, ‘ನಿಮ್ಮ ಮಗುವಿಗೆ ಈಗ ಹತ್ತು ದಿನ’ ಎಂದು ತಾರೀಖು ನೋಡಿ ಕಳಿಸುವ ಸಂದೇಶವೂ ಬೇಡ. ಎಲ್ಲ ಹೆರಿಗೆಗಳೂ ತೊಟ್ಟಿಲಿನಲ್ಲಿ ಮುಗಿಯುವುದಿಲ್ಲ. ನಮ್ಮ ಮೊದಲ ಗುಂಪಿನಲ್ಲಿ ಒಬ್ಬರು ದಿನ ತುಂಬಿದ ಮೇಲೆ ಮೌನವಾದರು. ನಾನು ಅದನ್ನು ಗಮನಿಸದೆ ಅವರ ಹೆಸರು ಹಿಡಿದು ಸಿಹಿ ಯಾವಾಗ ಎಂದು ಕೇಳಿದೆ. ಅವರು ಉತ್ತರಿಸದೆ ಗುಂಪಿನಿಂದ ಹೊರಗೆ ಹೋದರು. ಕಾರಣ ಮರುದಿನ ತಿಳಿಯಿತು. ಯಾರಾದರೂ ಮೌನವಾದರೆ ಖಾಸಗಿಯಾಗಿ ಫೋನ್ ಮಾಡಿ, ಗುಂಪಿನಲ್ಲಿ ಕರೆಯಬೇಡಿ.

ನಾಲ್ಕನೆಯದು: ದಿನಕ್ಕೊಂದು ಸಂದೇಶ, ಸಂದೇಶಕ್ಕೊಂದು ಕೆಲಸ

ಅಡಿಕೆ ದರದ ಗುಂಪನ್ನು ನೋಡಿ ಕಲಿಯಬೇಕಾದದ್ದು ಇಲ್ಲೇ. ಅಡಿಕೆಯ ಒಂದೊಂದು ಬಗೆಗೂ ಒಂದು ದರ: ರಾಶಿ ಇಷ್ಟು, ಬೆಟ್ಟೆ ಇಷ್ಟು, ಸರಕು ಇಷ್ಟು, ಗೊರಬಲು ಇಷ್ಟು. ಮುಗಿಯಿತು. ಜನ ಅದಕ್ಕಾಗಿ ಕಾಯುತ್ತಾರೆ, ಏಕೆಂದರೆ ಅದು ಗೊತ್ತಾದ ಹೊತ್ತಿಗೆ ಬರುತ್ತದೆ, ಚಿಕ್ಕದಾಗಿರುತ್ತದೆ, ಓದಿದವನು ಅದರಿಂದ ಏನಾದರೂ ಮಾಡಬಹುದು. ನಿಮ್ಮ ಸಂದೇಶವೂ ರಾತ್ರಿ ಎಂಟಕ್ಕೆ ಬರಲಿ, ಆರು ಸಾಲು ಮೀರದಿರಲಿ, ಕೊನೆಯ ಸಾಲು ‘ಇವತ್ತಿನ ಕೆಲಸ’ ಎಂದಿರಲಿ.

ಮೊದಲ ವಾರಗಳಿಗೆ ನಾವು ಬಳಸಿ, ತಿದ್ದಿ, ಉಳಿಸಿಕೊಂಡಿರುವ ಕೆಲವು ಸಂದೇಶಗಳು ಇಲ್ಲಿವೆ. ಬೇಕಾದಂತೆ ಬದಲಿಸಿಕೊಳ್ಳಿ.

‘ಮೊದಲ ದಿನಗಳ ಹಾಲು ಹಳದಿ, ಮಂದ, ತೀರಾ ಸ್ವಲ್ಪ. ಅದೇ ಸರಿಯಾದ ಅಳತೆ. ಮೊದಲ ದಿನ ಮಗುವಿನ ಹೊಟ್ಟೆ ಹಿಡಿಯುವುದು ಸುಮಾರು 5ರಿಂದ 7 ಮಿಲಿಲೀಟರ್, ಅಂದರೆ ಒಂದು ಚಿಕ್ಕ ಚಮಚ. ರೋಗ ತಡೆಯುವ ಅಂಶಗಳು ಈ ಹಾಲಿನಲ್ಲಿ ಹೇರಳವಾಗಿವೆ. ಹಿಂಡಿ ಚೆಲ್ಲಬಾರದು. ಇವತ್ತಿನ ಕೆಲಸ: ಮಗುವಿಗೆ ಜೇನು, ಸಕ್ಕರೆ ನೀರು ಏನೂ ಬೇಡ ಎಂದು ಮನೆಯ ಹಿರಿಯರಿಗೆ ಹೆರಿಗೆಗೆ ಮುಂಚೆಯೇ ಹೇಳಿಡುವುದು.’

ಈ ಸಂದೇಶ ಕಳಿಸಿದ ದಿನ ಗುಂಪಿನಲ್ಲೊಬ್ಬರು, ‘ಕರುವಿಗೆ ಗಿಣ್ಣುಹಾಲು ಬಿಡದಿದ್ದರೆ ಉಳಿಯುತ್ತದೆಯೇ?’ ಎಂದು ಬರೆದರು. ಅಷ್ಟೇ ಸಾಕಾಯಿತು. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಕಟ್ಟಿದವನಿಗೆ ಅರ್ಧ ಪಾಠ ಮೊದಲೇ ಬಂದಿರುತ್ತದೆ. ಹೊಸಬರು ಹತ್ತಿರ ನಿಂತರೆ, ನಾಯಿ ಬೊಗಳಿದರೆ ಹಸು ಹಾಲು ಇಳಿಸುವುದಿಲ್ಲ, ಕರು ಬಂದು ಕೆಚ್ಚಲಿಗೆ ಗುದ್ದಿದರೆ ಇಳಿಸುತ್ತದೆ. ಮನುಷ್ಯರಲ್ಲೂ ಹಾಲನ್ನು ಇಳಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ನೋವು, ಗಾಬರಿ, ಅವಮಾನ ಅದನ್ನು ತಡೆಯುತ್ತವೆ. ಹಾಲನ್ನು ಉತ್ಪತ್ತಿ ಮಾಡುವುದು ಪ್ರೊಲ್ಯಾಕ್ಟಿನ್, ಅದು ರಾತ್ರಿ ಹೊತ್ತು ಹೆಚ್ಚಿರುತ್ತದೆ, ಆದ್ದರಿಂದ ರಾತ್ರಿಯ ಹಾಲು ತಪ್ಪಿಸಬಾರದು. ಮಗು ಎಷ್ಟು ಕುಡಿದು ಖಾಲಿ ಮಾಡುತ್ತದೆಯೋ ಅಷ್ಟು ಹುಟ್ಟುತ್ತದೆ. ಇಷ್ಟು ವಿಜ್ಞಾನ ಅಪ್ಪನಿಗೆ ಸಾಕು. (ಕೊಟ್ಟಿಗೆಯ ಹೋಲಿಕೆ ಗುಂಪಿನೊಳಗೇ ಇರಲಿ. ನಾನು ಮನೆಯಲ್ಲಿ ಹೇಳಿ ಎರಡು ದಿನ ಮಾತು ಕಳೆದುಕೊಂಡಿದ್ದೇನೆ.)

ಎರಡನೆಯ ಸಂದೇಶ: ‘ಫೋನ್ ಮಾಡಿದಾಗ ಹಾಲು ಸಾಕಾಗುತ್ತಿದೆಯಾ ಎಂದು ಕೇಳಬೇಡಿ. ದಿನಕ್ಕೆ ಮೂರು ಸಲ ಆ ಪ್ರಶ್ನೆ ಕೇಳಿಸಿಕೊಂಡವಳಿಗೆ ಸಾಲದು ಎಂದೇ ಅನಿಸತೊಡಗುತ್ತದೆ. ಊಟವಾಯಿತಾ, ನಿದ್ರೆ ಬಂತಾ, ಮಗು ಇವತ್ತು ಎಷ್ಟು ಸಲ ಉಚ್ಚೆ ಮಾಡಿತು ಎಂದು ಕೇಳಿ. ಇವತ್ತಿನ ಕೆಲಸ: ಆ ಲೆಕ್ಕ ಬರೆದಿಡುವುದು.’

ಲೆಕ್ಕ ಗಂಡಸರಿಗೆ ಒಗ್ಗುವ ಕೆಲಸ. ಆರನೆಯ ದಿನದ ಹೊತ್ತಿಗೆ ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ತಿಳಿಬಣ್ಣದ ಉಚ್ಚೆ ಮಾಡಿದರೆ ಹಾಲು ಹೋಗುತ್ತಿದೆ ಎಂದರ್ಥ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ತೋರಿಸಬೇಕು. ಸುಮಾರು ಎರಡು ವಾರದೊಳಗೆ ಹುಟ್ಟಿದ ತೂಕ ಮರಳಿ ಬರಬೇಕು. ಇಪ್ಪತ್ತನಾಲ್ಕು ಗಂಟೆಯಲ್ಲಿ 8ರಿಂದ 12 ಸಲ ಹಾಲು ಕೇಳುವುದು ಮಗುವಿನ ಸ್ವಭಾವ. ಈ ನಾಲ್ಕು ಅಂಕಿಗಳನ್ನು ಬರೆದ ಸಂದೇಶವನ್ನು ಗುಂಪಿನ ಮೇಲ್ಭಾಗದಲ್ಲಿ ಪಿನ್ ಮಾಡಿಡಿ. ಪಿನ್ ಹೆಚ್ಚೆಂದರೆ ಮೂವತ್ತು ದಿನ ನಿಲ್ಲುತ್ತದೆ, ಆಮೇಲೆ ಮತ್ತೆ ಹಾಕಬೇಕು. ನಾನು ಡಬ್ಬಿ ಹಿಡಿದು ಹೋದ ದಿನ ನನ್ನ ಕೈಯಲ್ಲಿ ಈ ಅಂಕಿಗಳಿದ್ದಿದ್ದರೆ ಬಸ್ಸು ಹತ್ತುತ್ತಿರಲಿಲ್ಲ.

ಮೂರನೆಯದು ತವರಿಗೆ ಹೋಗುವ ವಾರಾಂತ್ಯಕ್ಕೆ. ಪಕ್ಕದಲ್ಲಿ ಕೂತವನಿಗೆ ಕಾಣುವುದು ತಾಯಿಗೆ ಮೇಲಿನಿಂದ ಕಾಣುವುದಿಲ್ಲ. ಮಗುವಿನ ಬಾಯಿ ಅಗಲವಾಗಿ ತೆರೆದಿದೆಯೇ, ಗದ್ದ ಎದೆಗೆ ತಾಗಿದೆಯೇ, ಕೆಳತುಟಿ ಹೊರಕ್ಕೆ ಮಗುಚಿದೆಯೇ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಾಯಿಯ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತಿದೆಯೇ ಎಂದು ನೋಡಿ ಹೇಳುವುದು ಅವನ ಕೆಲಸ. ನಾಲ್ಕೂ ಇದ್ದರೆ ಮಗು ಸರಿಯಾಗಿ ಕಚ್ಚಿಕೊಂಡಿದೆ. ತೊಟ್ಟನ್ನಷ್ಟೇ ಚೀಪುತ್ತಿದ್ದರೆ ತಾಯಿಗೆ ನೋವು, ಮಗುವಿಗೆ ಹಸಿವು. ಆಗ ಬೆರಳಿನಿಂದ ಮೆಲ್ಲನೆ ಬಾಯಿ ಬಿಡಿಸಿ ಮತ್ತೆ ಹಚ್ಚಬೇಕು. ಕುಡಿದಾದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಕುಡಿಯುವ ನೀರಿನ ಚೊಂಬನ್ನು ಕೈಗೆಟಕುವಲ್ಲಿ ಇಡುವುದು, ದಿಂಬು ಸರಿಪಡಿಸುವುದು ಎಲ್ಲ ಅಪ್ಪನದೇ. ಅತ್ತೆಯ ಮನೆಯಲ್ಲಿ ಅಳಿಯ ಉಚ್ಚೆಬಟ್ಟೆ ಒಗೆದರೆ ಮೊದಲ ಸಲ ನಗುತ್ತಾರೆ. ಎರಡನೆಯ ಸಲ ಸಾಬೂನು ಎಲ್ಲಿದೆ ಎಂದು ತೋರಿಸುತ್ತಾರೆ.

ಹಿಂಡಿಟ್ಟ ಹಾಲಿನ ಬಗ್ಗೆ ಒಂದೇ ಸಂದೇಶ ಸಾಕು. ಸ್ವಚ್ಛ ಪಾತ್ರೆಯಲ್ಲಿ ಮುಚ್ಚಿಟ್ಟರೆ ಹೊರಗೆ 25 ಡಿಗ್ರಿಯೊಳಗಿನ ತಂಪಿನಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ, ಆದ್ದರಿಂದ ಫ್ರಿಜ್ಜನ್ನು ನಂಬಿ ಲೆಕ್ಕ ಹಾಕಬೇಡಿ. ಕುಡಿಸಲು ಬಾಟಲಿ ಬೇಡ. ಅಟ್ಟದ ಮೇಲೆ ಅಜ್ಜಿಯ ಕಾಲದ ಒಳಲೆ (ಮಗುವಿಗೆ ಹಾಲು ಕುಡಿಸುವ, ಕೊಕ್ಕಿರುವ ಚಿಕ್ಕ ಬಟ್ಟಲು) ಇದ್ದರೆ ಚೆನ್ನಾಗಿ ಕುದಿಸಿ ಅದರಲ್ಲೇ ಕುಡಿಸಿ.

ಐದನೆಯದು: ಹಿರಿಯರ ಮಾತು ಬಂದಾಗ

ಗುಂಪಿನಲ್ಲಿ ಅತಿ ಹೆಚ್ಚು ಮಾತು ನಡೆಯುವುದು ಇಲ್ಲಿಯೇ. ಬಾಣಂತಿಗೆ ಹೆಚ್ಚು ನೀರು ಕೊಡಬಾರದು, ಮಗುವಿಗೆ ಬಜೆ ತೇಯ್ದು ನೆಕ್ಕಿಸಬೇಕು, ಮೂರು ತಿಂಗಳಿಗೆ ರಾಗಿ ಮಣ್ಣಿ ಶುರು ಮಾಡಬೇಕು, ಹಾಲು ಕಡಿಮೆಯಾದರೆ ಹಸುವಿನ ಹಾಲಿಗೆ ನೀರು ಬೆರೆಸಿ ಕೊಡಬೇಕು. ಹೇಳುವವರು ಹತ್ತು ಬಾಣಂತನ ಮಾಡಿದವರು. ನಿನ್ನೆ ವಾಟ್ಸ್‌ಆ್ಯಪ್‌ನಲ್ಲಿ ಓದಿದ ಅಳಿಯ ಅವರೆದುರು ವಾದಕ್ಕೆ ನಿಂತರೆ ಮರ್ಯಾದೆ ಹೋಗುತ್ತದೆ, ಬಜೆಯೂ ನಿಲ್ಲುವುದಿಲ್ಲ.

ಎಲ್ಲದಕ್ಕೂ ಜಗಳ ಬೇಡ ಎನ್ನುವುದು ನನ್ನ ಅಭಿಪ್ರಾಯ. ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಹಂಡೆಯ ಬಿಸಿನೀರಿನ ಸ್ನಾನ ಇವುಗಳಲ್ಲಿ ತೊಂದರೆಯೇನಿಲ್ಲ, ಬಾಣಂತಿಗೆ ಹಿತವಾಗಿದ್ದರೆ ನಡೆಯಲಿ. ಹಟ ಹಿಡಿಯಬೇಕಾದ ಜಾಗ ಎರಡೇ. ಮಗುವಿನ ಬಾಯಿಗೆ ಆರು ತಿಂಗಳು ತುಂಬುವವರೆಗೆ ಎದೆಹಾಲು ಮತ್ತು ವೈದ್ಯರು ಕೊಟ್ಟ ಔಷಧ ಬಿಟ್ಟು ಬೇರೆ ಏನೂ ಹೋಗಬಾರದು, ಬೇಸಿಗೆಯಲ್ಲೂ ನೀರು ಬೇಡ. ಬಾಣಂತಿಯ ಊಟಕ್ಕೂ ನೀರಿಗೂ ಕಡಿವಾಣ ಹಾಕಬಾರದು. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವ ಮೊದಲು ಕೊಡಲೇಬಾರದು, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆ ಮಗುವಿನ ಕರುಳಿನಲ್ಲಿ ವಿಷ ಉಂಟುಮಾಡಬಲ್ಲವು. ಮಲೆನಾಡಿನ ತುಡುವೆ ಜೇನು ಎಷ್ಟೇ ಶುದ್ಧವೆಂದರೂ ಈ ಮಾತಿಗೆ ವಿನಾಯಿತಿಯಿಲ್ಲ.

ಈ ಎರಡನ್ನು ಹೇಳುವುದು ಅಳಿಯನ ಬಾಯಿಂದ ಬೇಡ. ಗುಂಪಿನ ನರ್ಸ್ ಹತ್ತಿರ ಒಂದೊಂದು ನಿಮಿಷದ ಧ್ವನಿ ಸಂದೇಶ ಮಾಡಿಸಿ, ‘ಅಮ್ಮ, ನೀವು ಬಾಣಂತನ ಚೆನ್ನಾಗಿ ಮಾಡುತ್ತಿದ್ದೀರಿ, ಒಂದು ವಿಷಯ ಕೇಳಿ’ ಎಂದು ಶುರುವಾಗುವಂಥದ್ದು. ಅಳಿಯ ಅದನ್ನು ತಂದು, ‘ಅತ್ತೆ, ಸಿಸ್ಟರ್ ಏನೋ ಹೇಳಿದ್ದಾರೆ, ನೀವೇ ಕೇಳಿ ನೋಡಿ’ ಎಂದು ಫೋನ್ ಅವರ ಕೈಗೆ ಕೊಟ್ಟು ಜಗಲಿಗೆ ಹೋಗಿ ಕೂರಲಿ. ಎದುರಿಗೆ ನಿಂತಿರಬಾರದು. ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಸಲ ಕೈಬದಲಾದ ಸಂದೇಶ ಇದೇ. ಯಾರದೋ ಅತ್ತೆ ಅದನ್ನು ತಮ್ಮ ಮಹಿಳಾ ಸಂಘದ ಗುಂಪಿಗೆ ಕಳಿಸಿದರಂತೆ.

ಆರನೆಯದು: ಸಿಗ್ನಲ್ ಇಲ್ಲದವನನ್ನು ಮರೆಯಬೇಡಿ

ಗುಡ್ಡದ ಮೇಲಿನ ಒಂದು ಬಂಡೆಯ ಹತ್ತಿರ ಮಾತ್ರ ನೆಟ್‌ವರ್ಕ್ ಸಿಗುವ ಊರುಗಳು ನಮ್ಮಲ್ಲಿ ಈಗಲೂ ಇವೆ. ಆಗುಂಬೆ ಸೀಮೆಯ ಜೋರು ಮಳೆಯಲ್ಲಿ ಅದೂ ಇಲ್ಲ. ಹತ್ತು ನಿಮಿಷದ ವಿಡಿಯೊ ಕಳಿಸಿದರೆ ಅದು ಸುತ್ತುತ್ತಲೇ ಇರುತ್ತದೆ. ಮೊದಲು ಅಕ್ಷರ, ಆಮೇಲೆ ಧ್ವನಿ, ವಿಡಿಯೊ ವಾರಕ್ಕೊಂದು. ಓದಲು ತೊಡಕಿರುವ ಕೂಲಿ ಕೆಲಸದ ಅಪ್ಪಂದಿರಿಗೆ ಧ್ವನಿಯೇ ಮುಖ್ಯ. ಅಲ್ಲಿ ನಿಮ್ಮೂರಿನ ಆಡುಮಾತಿನಲ್ಲೇ ಮಾತಾಡಿ.

ವಿಡಿಯೊ ಮಾಡುವುದಾದರೆ ಒಂದು ನಿಮಿಷ ಮೀರದಿರಲಿ, ತೋರಿಸುವುದು ಒಂದೇ ಕೆಲಸ ಇರಲಿ. ತೇಗು ಬರಿಸುವುದನ್ನು ತೋರಿಸಲು ಗೊಂಬೆ ಸಾಕು, ಯಾವ ಹೆಂಗಸಿನ ದೇಹವೂ ಬೇಕಿಲ್ಲ. ತಗಡಿನ ಮಾಡಿನ ಕೆಳಗೆ ಮಳೆಯಲ್ಲಿ ಚಿತ್ರೀಕರಿಸಬೇಡಿ, ಒಂದಕ್ಷರ ಕೇಳಿಸುವುದಿಲ್ಲ. ಹೆಂಚಿನ ಜಗಲಿ ಒಳ್ಳೆಯದು. ಮಾತನ್ನು ಪರದೆಯ ಮೇಲೆ ಅಕ್ಷರದಲ್ಲೂ ಹಾಕಿ, ಬಸ್ಸಿನಲ್ಲಿ ನೋಡುವವರು ಸದ್ದು ತೆಗೆದಿರುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲೂ ಇವನ್ನೇ ಹಾಕಬಹುದು. ಆದರೆ ಅಲ್ಲಿ ಬರುವ ಲೈಕುಗಳನ್ನು ಎಣಿಸುತ್ತ ಕೂರಬೇಡಿ. ರಾತ್ರಿ ಹನ್ನೊಂದಕ್ಕೆ ಒಬ್ಬ ಅಪ್ಪ ಖಾಸಗಿಯಾಗಿ ಕೇಳುವ ಒಂದು ಪ್ರಶ್ನೆಯ ಮೇಲೆ ಗುಂಪಿನ ಬೆಲೆ ಕಟ್ಟಿ.

ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ. ಆಗ ಗಂಡಸರನ್ನು ಒಂದೆಡೆ ಸೇರಿಸುವ ಆಸೆಯಿದ್ದರೆ ಹಗಲಿನ ಹೊತ್ತು ಇಡಬೇಡಿ. ಮಳೆ ಎರಡು ಗಂಟೆ ಬಿಡುವು ಕೊಟ್ಟರೆ ಎಲ್ಲರೂ ಕೊಳೆರೋಗದ ಔಷಧಿ ಹೊಡೆಸಲು ತೋಟದಲ್ಲಿರುತ್ತಾರೆ. ಹಾಗೆಯೇ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ರಾತ್ರಿ ಎಂಟರ ಸಂದೇಶವನ್ನು ಬೆಳಗಿನ ಆರಕ್ಕೆ ಸರಿಸಿ. ರಾತ್ರಿ ಸುಲಿತ, ಬೇಯಿಸುವುದು ನಡೆಯುವಾಗ ಫೋನ್ ನೋಡಲು ಯಾರಿಗೂ ಕೈ ಬಿಡುವಿರುವುದಿಲ್ಲ.

ಏಳನೆಯದು: ಗುಂಪಿನಲ್ಲಿ ಕೇಳದೆ ಹೊರಡಬೇಕಾದ ಹೊತ್ತು

ಮಗು ಹಾಲು ಕುಡಿಯುವುದನ್ನೇ ಬಿಟ್ಟರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಜ್ವರ ಬಂದರೆ, ಮೈ ತಣ್ಣಗಾದರೆ, ಉಸಿರು ಏರುಪೇರಾದರೆ, ಹಳದಿ ಅಂಗೈ ಅಂಗಾಲಿಗೆ ಇಳಿದರೆ, ಉಚ್ಚೆ ನಿಂತರೆ ಗುಂಪಿನಲ್ಲಿ ಬರೆಯುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು. ತಾಯಿಗೆ ಜ್ವರ ಬಂದರೆ, ರಕ್ತಸ್ರಾವ ಹೆಚ್ಚಿದರೆ, ಎದೆ ಕೆಂಪಾಗಿ ಗಟ್ಟಿಯಾಗಿ ಚಳಿಜ್ವರ ಹತ್ತಿದರೆ ಸಹ. ಎದೆ ಬಾವಿನಲ್ಲಿ ಸಾಮಾನ್ಯವಾಗಿ ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ, ಅದನ್ನು ವೈದ್ಯರೇ ಹೇಳುತ್ತಾರೆ. ಆಂಬುಲೆನ್ಸಿಗೆ 108, ಆರೋಗ್ಯದ ಸಲಹೆಗೆ 104.

ಇನ್ನೊಂದನ್ನು ದೂರದಲ್ಲಿರುವ ಅಪ್ಪ ಫೋನಿನ ಧ್ವನಿಯಲ್ಲೇ ಹಿಡಿಯಬಲ್ಲ. ಎರಡು ವಾರ ಕಳೆದರೂ ಅವಳು ಕಾರಣವಿಲ್ಲದೆ ಅಳುತ್ತಿದ್ದರೆ, ಮಗು ಮಲಗಿದಾಗಲೂ ನಿದ್ರೆ ಬರುತ್ತಿಲ್ಲವೆಂದರೆ, ಮಗುವಿನ ಮೇಲೆ ಮನಸ್ಸೇ ಇಲ್ಲವೆಂದರೆ ಅದನ್ನು ದೃಷ್ಟಿ, ಗಾಳಿ ಎಂದು ತಳ್ಳಿಹಾಕಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅವನೇ ಮೊದಲು ಕರೆ ಮಾಡಿ ಏನು ಮಾಡಬೇಕೆಂದು ಕೇಳಬಹುದು. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಅವಳನ್ನು ಒಬ್ಬಳೇ ಬಿಡದೆ ಆ ಹೊತ್ತಿಗೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಕೊನೆಯದು: ತವರಿನಿಂದ ಮರಳಿದ ಮೇಲೆ

ತೊಟ್ಟಿಲು ಗಂಡನ ಮನೆಗೆ ಬಂದ ವಾರ ಗುಂಪನ್ನು ಎಚ್ಚರವಾಗಿಡಿ. ತವರಿನಲ್ಲಿ ಮಲಗಿದಲ್ಲಿಗೆ ಊಟ ಬರುತ್ತಿತ್ತು, ಇಲ್ಲಿ ಅಡುಗೆ ಮನೆ, ಕೊಟ್ಟಿಗೆ, ಆಳುಗಳ ಕಾಫಿ ಎಲ್ಲ ಮತ್ತೆ ಅವಳ ತಲೆಯ ಮೇಲೆ. ಹಾಲೂಡಿಸಲು ಕೂರುವುದೇ ಸೋಮಾರಿತನವೆಂದು ಕಾಣತೊಡಗುತ್ತದೆ. ಇಲ್ಲಿ ಅಪ್ಪ ಅತಿಥಿಯಲ್ಲ, ತನ್ನ ಅಮ್ಮನ ಹತ್ತಿರ ಮಾತಾಡಬೇಕಾದವನು ಅವನೇ. ‘ಅಮ್ಮ, ಬೆಳಗಿನ ಕೊಟ್ಟಿಗೆ ಕೆಲಸ ಇನ್ನು ಮೂರು ತಿಂಗಳು ನನ್ನದು’ ಎಂದು ಹೇಳಿ, ಹೇಳಿದಂತೆ ನಡೆದುಕೊಂಡರೆ ಬೇರೆ ವಾದ ಬೇಕಾಗುವುದಿಲ್ಲ. ಹೆಂಡತಿ ನೌಕರಿಯಲ್ಲಿದ್ದರೆ, 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಬಂದು ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿರುವ ನಿಯಮದಂತೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆಯಿದೆ. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವೂ ಇದೆ. ಆ ಕಾನೂನು ಅವಳ ಸಂಸ್ಥೆಗೆ ಅನ್ವಯಿಸುತ್ತದೆಯೇ ಎಂದು ವಿಚಾರಿಸಿ ಅರ್ಜಿ ಬರೆದುಕೊಡುವುದು ಗಂಡನ ಕೆಲಸವಾಗಲಿ.

ಆರು ತಿಂಗಳು ತುಂಬಿದಾಗ ಮಣ್ಣಿ, ಮೆದು ಅನ್ನ, ಬೇಯಿಸಿ ಹಿಸುಕಿದ ತರಕಾರಿ ಶುರುವಾಗಲಿ, ಜೊತೆಗೆ ಎದೆಹಾಲು ಎರಡು ವರ್ಷ ಮತ್ತು ಆಮೇಲೂ ಮುಂದುವರಿಯಲಿ ಎಂಬ ಸಂದೇಶ ಹಾಕಿ, ಗುಂಪಿನಲ್ಲಿ ಹೆಚ್ಚು ಚುರುಕಾಗಿದ್ದ ಅಪ್ಪನೊಬ್ಬನನ್ನು ಮುಂದಿನ ಮಾಸದ ಗುಂಪಿಗೆ ಅಡ್ಮಿನ್ ಮಾಡಿ. ಹಳೆಯ ಗುಂಪನ್ನು ಅಳಿಸುವ ಅಗತ್ಯವಿಲ್ಲ. ನಮ್ಮ ಮೊದಲ ಗುಂಪು ಇನ್ನೂ ಇದೆ. ಅದರಲ್ಲಿ ಈಗ ಮೊಳೆತ ಹಲ್ಲಿನ ಸುದ್ದಿಯ ಜೊತೆಗೆ ಬೆಟ್ಟೆಯ ದರವೂ ಬರುತ್ತದೆ, ನಾಲ್ಕನೆಯ ನಿಯಮವನ್ನು ಯಾರೂ ನೆನಪಿಸುವುದಿಲ್ಲ.